ಒಂದು ಚಾಪೆ ನೆಲ

ಆಗ ಇನ್ನೂ ಸಮುದ್ರ ಒಬ್ಬಳೇ ಇದ್ದಳು. ಅವಳ ಮನೆಗೆ ಯಾರೂ ಬರುತ್ತಿರಲಿಲ್ಲ, ಬಂದವರನ್ನು ಕೂರಿಸಲು ಜಾಗವೂ ಇರಲಿಲ್ಲ. ಅಂಥ ಕಾಲದಲ್ಲಿ ಒಂದು ಸಂಜೆ ಇಬ್ಬರು ಅಣ್ಣತಮ್ಮಂದಿರೂ ಒಬ್ಬಳು ಹೆಂಗಸೂ ದೋಣಿಯಲ್ಲಿ ಬಂದರು. ಹೆಂಗಸು ಯಾರ ಹೆಂಡತಿ ಎಂಬುದನ್ನು ನನ್ನ ಅಜ್ಜಿ ಒಂದೊಂದು ಸಲ ಒಂದೊಂದು ಥರ ಹೇಳುತ್ತಾಳೆ. ದಡದ ಊರುಗಳಲ್ಲಿ ಸೊಳ್ಳೆ ಕಚ್ಚಿ ಕಚ್ಚಿ ಮೂವರ ಮೈಯೂ ಸೀತಾಫಲದಂತಾಗಿತ್ತು. ಇಲ್ಲಿ, ಹವಳದ ಕಟ್ಟೆಯ ಪಕ್ಕದಲ್ಲಿ, ಒಳ್ಳೆಯ ಗಾಳಿ. ಸೊಳ್ಳೆ ಒಂದೂ ಇಲ್ಲ.

"ಅಮ್ಮಾ, ಸ್ವಲ್ಪ ಕೂತ್ಕೊಳ್ಳೋಕೆ ಜಾಗ ಕೊಡು," ಎಂದಳು ಹೆಂಗಸು.

"ನನ್ನ ಹತ್ರ ಎಲ್ಲಿದೆ? ನಾನೇ ನಿಂತ್ಕೊಂಡಿದೀನಿ, ಕಾಣ್ಸಲ್ವಾ?" ಎಂದಳು ಸಮುದ್ರ. "ಬರೋವ್ರು ಅವರವರ ಚಾಪೆ ಅವರವರೇ ತರಬೇಕು."

ಮೂವರೂ ಕಟ್ಟೆಯಿಂದ ಕಲ್ಲು ಕಿತ್ತು, ಪೇರಿಸಿ, ಮೂರು ಚಾಪೆಯಷ್ಟು ನೆಲ ಮಾಡಿಕೊಂಡು ಕೂತರು. ಅದೇ ನಮ್ಮ ಕರಕೋಲಿತೊ ದ್ವೀಪ. ಈಗ ಅದರ ಮೇಲೆ ಆರುನೂರ ಹನ್ನೊಂದು ಜನ ಕೂತಿದ್ದೇವೆ. ಕೂತಿದ್ದೇವೆ ಎನ್ನುವುದು ಮಾತಿಗೆ. ನಮ್ಮ ಓಣಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಯಾರದಾದರೂ ಮನೆಯೊಳಗೆ ಸರಿದು ದಾರಿ ಬಿಡಬೇಕು, ಸರಿದವರಿಗೆ ಆ ಮನೆಯವರು ಕಾಫಿ ಕೊಡಬೇಕು. ನೀರು ತರಲು ಹೊರಟವಳು ನಾಲ್ಕು ಲೋಟ ಕಾಫಿ ಕುಡಿದು ಬರುವುದುಂಟು.

ಸಮುದ್ರ ಅಂದು ಹೇಳಿದ ಮಾತನ್ನು ನಾವು ಮುರಿದಿಲ್ಲ. ಇಲ್ಲಿ ಮಗು ಹುಟ್ಟಿದರೆ ಅದರ ಅಪ್ಪ ಒಂದು ಚಾಪೆ ನೆಲ ಹಾಕಬೇಕು. ಕಟ್ಟೆಯಲ್ಲಿ ಹಾರೆ ಹಾಕಿ ಕಲ್ಲು ಕೀಳಬೇಕು, ದೋಣಿ ತುಂಬ ತರಬೇಕು, ದ್ವೀಪದ ಅಂಚಿನಲ್ಲಿ ಸುರಿಯಬೇಕು, ಅದರ ಮೇಲೆ ಚಾಪೆ ಹಾಸಿ ತೋರಿಸಬೇಕು. ಆಮೇಲೆಯೇ ಚರ್ಚಿನಲ್ಲಿ ಜ್ಞಾನಸ್ನಾನ, ಆಮೇಲೆಯೇ ಹೆಸರು. ಅಲ್ಲಿಯವರೆಗೆ ಮಗುವನ್ನು 'ಇದು' ಎನ್ನುತ್ತೇವೆ.

ಕಲ್ಲು ಕಿತ್ತ ಕಡೆ ತೂತಾಗುತ್ತದಲ್ಲ, ಆ ತೂತಿಗೆ ಮಗುವಿನ ಹೆಸರೇ ನಿಲ್ಲುತ್ತದೆ. ಸಮುದ್ರ ಉಬ್ಬುವ ಭರತದ ಹೊತ್ತಿಗೆ ನೀರು ಕಟ್ಟೆ ಹಾರಿ ಬರುವುದಿಲ್ಲ. ಈ ತೂತುಗಳಲ್ಲಿ ನುಗ್ಗಿ ಬರುತ್ತದೆ. ಹಾಗಾಗಿ ನಮ್ಮಲ್ಲಿ ಅಲೆಗಳಿಗೂ ಹೆಸರು. "ರೊಸ್ಮಿರಾ ಬಂದ್ಲು, ಕುರ್ಚಿ ಎತ್ತಿ!" ಎಂದು ಕೂಗಿದರೆ, ಅಲ್ಲೇ ಪಾತ್ರೆ ತೊಳೆಯುತ್ತಿದ್ದ ರೊಸ್ಮಿರಾ ಮುಖ ಊದಿಸಿಕೊಳ್ಳುತ್ತಾಳೆ.

ಎಲ್ಲಕ್ಕಿಂತ ದೊಡ್ಡ ತೂತು ನನ್ನದು. ನಾಲ್ಕು ಗಂಡುಮಕ್ಕಳಾದ ಮೇಲೆ ಹೆಣ್ಣು ಹುಟ್ಟಿತೆಂದು ನನ್ನ ಅಪ್ಪ ಹಿಗ್ಗಿ ಒಂದೂವರೆ ಚಾಪೆ ನೆಲ ಹಾಕಿಬಿಟ್ಟ. ತಿಂಗಳಿಗೆರಡು ಸಲವಾದರೂ ಬ್ರೆಡ್ಡಿನ ಫಿದೆಲಿನಾ ಓಣಿಯ ಆ ತುದಿಯಿಂದ ಕೂಗುತ್ತಾಳೆ: "ಎನಿಲ್ಸಾ! ಬಂದು ನೋಡೇ, ನನ್ನ ಒಲೇಲಿ ಕೂತಿದೀಯ!"

ಹೋದ ವರ್ಷ ಸಭೆ ಸೇರಿ, ಇನ್ನು ಮೇಲೆ ಕಟ್ಟೆಯ ಕಲ್ಲನ್ನು ಯಾರೂ ಮುಟ್ಟಕೂಡದೆಂದು ತೀರ್ಮಾನಿಸಿದೆವು. ಮೀನು ಕಡಿಮೆಯಾಗಿತ್ತು, ಅಡುಗೆಮನೆಗೆ ಬರುವ ಅಲೆ ಹೆಚ್ಚಾಗಿತ್ತು. ತೀರ್ಮಾನವಾದ ಮೇಲೆ ಹುಟ್ಟಿದ ಮೊದಲ ಮಗು ನನ್ನ ಅಣ್ಣನದು. ಅಣ್ಣ ದೂರದ ಮೀನುಹಡಗಿನಲ್ಲಿದ್ದ. ಮಗುವನ್ನು ಮೊದಲು ಎತ್ತಿಕೊಂಡವಳು ನಾನು, ಜ್ಞಾನಸ್ನಾನಕ್ಕೆ ಎತ್ತಿಕೊಂಡು ನಿಲ್ಲಬೇಕಾದ ಜ್ಞಾನತಾಯಿಯೂ ನಾನೇ. ಅದು ಆಕಳಿಸಿತು, ನಾನು ಕರಗಿಹೋದೆ. "ಇದರ ನೆಲ ನಾನು ಹಾಕ್ತೀನಿ ಅತ್ತಿಗೆ," ಎಂದುಬಿಟ್ಟೆ.

ಅತ್ತಿಗೆ ಯಾದೆಲಿಸ್ ತೊಲು ಊರಿನ ಕಡೆಯವಳು, ಗಟ್ಟಿನೆಲದಲ್ಲಿ ಹುಟ್ಟಿದವಳು. "ಜುಲೈನಲ್ಲಿ ಕಾರ್ಮೆನ್ ಮಾತೆಯ ಹಬ್ಬಕ್ಕೆ ಪಾದ್ರಿ ಬರ್ತಾರೆ," ಎಂದಳು. "ಅಷ್ಟರಲ್ಲಿ ಹಾಕು. ಇಲ್ದಿದ್ರೆ ಇದನ್ನ ಎತ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ಅಲ್ಲಿ ಸೊಳ್ಳೆ ಕಚ್ಚಿದ್ರೂ ಹೆಸರಾದ್ರೂ ಕರೀತಾರೆ."

ಅವಳು ಹೋದರೆ ಮರಳಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಮಗುವಿಗೆ ಆಗಲೇ ನನ್ನ ಬೆರಳು ಗೊತ್ತಾಗಿತ್ತು.

ಸಭೆಯ ಯಜಮಾನ ಲಿಬಾರ್ದೊ ಮಾವನ ಬಾಗಿಲಿಗೆ ಹೋದೆ.

"ಮಾವ, ಒಂದು ಚಾಪೆ ಕಲ್ಲು ಬೇಕು."

"ಕಲ್ಲೆಲ್ಲಿಂದ ತರಲಮ್ಮ? ಸಭೆ ತೀರ್ಮಾನ. ನೀನೂ ಕೈ ಎತ್ತಿದ್ಯಲ್ಲ!"

"ತಲೆ ಕೆರ್ಕೊಳ್ಳೋಕೆ ಎತ್ತಿದ್ದು. ಇಳಿಸೋಕೆ ಜಾಗ ಸಿಗ್ಲಿಲ್ಲ."

"ಹಂಗಿದ್ರೂ ಎಣಿಸಾಯ್ತು."

"ಒಂಬತ್ತು ಮಕ್ಕಳಿಗೆ ಒಂಬತ್ತು ತೂತು ಕೊರೆದೋರು ನೀವು. ನಮ್ಮ ಒಂದಕ್ಕೆ ಇಲ್ಲ ಅಂತೀರಲ್ಲ!"

"ಆಗ ಕಟ್ಟೆ ಇತ್ತು ಕಣೇ."

"ನಿಮ್ಮಿಂದಾನೇ ಈಗ ಇಲ್ಲ."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಸರಿಯಾಗಿ ಕೇಳು ಎನಿಲ್ಸಾ! ಒಂಬತ್ತು ಹೆತ್ತೋಳು ನಾನು. ಎಷ್ಟು ಬೇಕು ಅಂತ ನನ್ನನ್ನ ಒಬ್ರಾದ್ರೂ ಕೇಳಿದ್ರಾ ಅಂತಾನೂ ಕೇಳು!"

ಲಿಬಾರ್ದೊ ಮಾವ ಕತ್ತು ತುರಿಸಿಕೊಂಡರು. "ಒಂದು ದಾರಿ ಇದೆ," ಎಂದು ದನಿ ಇಳಿಸಿದರು. "ಯಾರಾದ್ರೂ ತೀರ್ಕೊಂಡ್ರೆ ಅವರ ಚಾಪೆ ಖಾಲಿ ಆಗತ್ತೆ."

ಆ ಮಾತು ಅವರ ಬಾಯಿಂದ ಹೊರಬಿದ್ದದ್ದೇ, ಕಾಫಿ ಕುಡಿಯಲು ಅಲ್ಲಿ ಸರಿದು ನಿಂತಿದ್ದ ಮೂವರು ಅದನ್ನು ಊರೆಲ್ಲ ಹಂಚಿದರು. ಸಂಜೆಯ ಹೊತ್ತಿಗೆ ಎಲ್ಲರ ಕಣ್ಣೂ ಉಬಾದೆಲ್ ತಾತನ ಮೇಲೆ. ತಾತನಿಗೆ ತೊಂಬತ್ತೊಂದು. ದಿನವೂ ಸಮುದ್ರದ ಅಂಚಿನಲ್ಲಿ ಇನ್ನೂ ಮೂವರು ಮುದುಕರ ಜೊತೆ ಡೊಮಿನೊ ಆಡುತ್ತಾರೆ.

"ತಾತ, ರಾತ್ರಿ ನಿದ್ದೆ ಬಂತಾ?"

"ತಾತ, ಎದೆ ಏನಾದ್ರೂ ಹಿಡ್ಕೊಂಡ ಹಾಗೆ?"

ಐದನೆಯವರು ಕೇಳುವಾಗ ತಾತ ಮೇಜಿನ ಮೇಲೆ ಬಿಲ್ಲೆ ಕುಟ್ಟಿದರು. "ಕೇಳಿಸ್ಕೊಳ್ಳಿ ಎಲ್ರೂ! ನಾನೆಲ್ಲೂ ಹೋಗಲ್ಲ! ಹಲ್ಲು ಹೋಗಿದೆ, ಅಷ್ಟೇ. ಮಿಕ್ಕಿದ್ದೆಲ್ಲ ಗಟ್ಟಿ ಇದೆ!"

ನಾನೂ ಒಂದು ಸಲ ಅವರನ್ನು ಹಾಗೆ ನೋಡಿದ್ದೆ. ನಾಚಿಕೆಯಾಗಿ ಎರಡು ದಿನ ಆ ಕಡೆ ಹೋಗಲಿಲ್ಲ. ಮೂರನೆಯ ದಿನ ಅವರೇ ನಮ್ಮ ಮನೆಗೆ ಬಂದು ತೊಟ್ಟಿಲಿಗೆ ಬಾಗಿದರು. "ನೀನೇನಾ ನನ್ನ ಜಾಗಕ್ಕೆ ಕಣ್ಣು ಹಾಕಿರೋಳು?" ಎಂದರು. ಮಗು ಅವರ ಮೂಗು ಹಿಡಿಯಿತು.

ಅಂದು ಮಧ್ಯಾಹ್ನ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, "ಕಥೆ ಹೇಳಜ್ಜೀ," ಎಂದೆ. ಇಪ್ಪತ್ತೆರಡು ವರ್ಷವಾದರೂ ನನಗೆ ಬೇರೆ ಔಷಧಿ ಗೊತ್ತಿಲ್ಲ.

ಅಜ್ಜಿ ಎಂದಿನಂತೆ ಶುರು ಮಾಡಿದಳು. ದೋಣಿ ಬಂತು, ಸೊಳ್ಳೆ ಬಂತು, ಮೂವರೂ ಕಲ್ಲು ಪೇರಿಸಿ ಕೂತರು. ಆದರೆ ಈ ಸಲ ಅಲ್ಲಿಗೆ ನಿಲ್ಲಿಸಲಿಲ್ಲ.

"ಮಾರನೇ ದಿನ ಸಮುದ್ರ ಬಂದ್ಲು. 'ಚಾಪೆ ತನ್ನಿ ಅಂದಿದ್ದೆ. ನನ್ನ ಮನೆ ಬಾಗಿಲು ಕಿತ್ತು ಚಾಪೆ ಮಾಡ್ಕೊಳ್ಳಿ ಅಂದಿದ್ನಾ?' ಅಂತ ಕೇಳಿದ್ಲು. ಮೂರೂ ಜನ ನಿದ್ದೆ ಬಂದ ಹಾಗೆ ಮಲಗಿದ್ರು."

ನಾನು ಎದ್ದು ಕೂತೆ. "ಈ ಭಾಗ ಯಾವತ್ತೂ ಹೇಳೇ ಇಲ್ವಲ್ಲ!"

"ಮಕ್ಕಳಿಗೆ ನಿದ್ದೆ ಬರಬೇಕಲ್ಲೇ. ಇದು ನಿದ್ದೆ ಬರಿಸೋ ಭಾಗ ಅಲ್ಲ."

"ಅಜ್ಜೀ, ಬಾಗಿಲಿಗೇ ವಾಪಸ್ ಇಟ್ರೆ? ಮಗು ನೆಲಾನ ಕಟ್ಟೆಯ ತೂತಲ್ಲೇ ಹಾಕಿದ್ರೆ?"

ಅಜ್ಜಿ ನನ್ನ ಕೂದಲಿಂದ ಕೈ ತೆಗೆದಳು. "ಏಳು, ಲಂಗ ಸರಿ ಮಾಡ್ಕೋ. ಸಭೆ ಕರೆಸೋಣ."

ಸಭೆ ಸೇರುವುದು ಚರ್ಚಿನ ಮುಂದೆ. ಅಲ್ಲಿ ನಲವತ್ತು ಜನ ಹಿಡಿಸುತ್ತಾರೆ, ಉಳಿದವರು ಸುತ್ತಲಿನ ಮನೆಗಳ ಮಾಡಿನ ಮೇಲೆ. ಕಟ್ಟೆಗೆ ಕಲ್ಲು ಸೇರಿಸುತ್ತೇನೆ, ಕೀಳುವುದಿಲ್ಲ. ಅದನ್ನೇ ಮಗುವಿನ ಚಾಪೆಯೆಂದು ಒಪ್ಪಿಕೊಳ್ಳಿ ಎಂದು ನಾನು ಹೇಳಿದೆ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ನೀರೊಳಗಿರೋದು ನೆಲ ಹೆಂಗಾಗತ್ತೆ?" ಎಂದು ಮಾಡಿನ ಮೇಲಿನಿಂದ ಒಬ್ಬರು.

"ಮಗು ಏನು ಆಕ್ಟೋಪಸ್ ಪಕ್ಕ ಮಲಗತ್ತಾ?" ಎಂದು ಉಬಾದೆಲ್ ತಾತ.

ಅಜ್ಜಿ ಎದ್ದಳು. "ಮಲಗೋದು ಅಮ್ಮನ ಪಕ್ಕ ಕಣ್ರೀ, ಇಡೀ ಊರೇ ಒಬ್ಬರ ಮೇಲೊಬ್ರು ಮಲಗಿಲ್ವಾ? ಆದ್ರೆ ಅದು ದೊಡ್ಡದಾಗಿ ತಿನ್ನೋ ಮೀನು ಎಲ್ಲಿ ಮಲಗತ್ತೆ, ಹೇಳಿ. ಇಷ್ಟು ದಿನ ಹುಟ್ಟಿದ ಮಕ್ಕಳಿಗೆಲ್ಲ ನೆಲ ಹಾಕಿದ್ವಿ. ಅವರ ತಟ್ಟೆಗೆ ಯಾರು ಹಾಕಿದ್ರು?"

ಫಿದೆಲಿನಾ, "ತುಂಬೋದು ಎನಿಲ್ಸಾ ತೂತು ತಾನೇ? ನನ್ನ ಒಲೆ ಕಡೆಯಿಂದ ಎರಡು ಕೈ!" ಎಂದು ಎರಡೂ ಕೈ ಎತ್ತಿದಳು.

ಲಿಬಾರ್ದೊ ಮಾವ ಷರತ್ತು ಹಾಕಿದರು. ಕಲ್ಲು ಕಟ್ಟೆಯದಾಗಿರಬಾರದು. ತೂತಿನ ತಳದಿಂದ ಕಟ್ಟೆಯ ನೆತ್ತಿಯವರೆಗೆ ಬರಬೇಕು. ಅಳತೆ ಪೂರ್ತಿ ಚಾಪೆ, ಒಂದು ಗೇಣು ಕಡಿಮೆಯಾದರೂ ಹೆಸರಿಲ್ಲ. "ಉಳಿದ ಅರ್ಧ ತೂತು ನಿನ್ನ ಮಗುವಿಗೆ ಇಟ್ಕೋ," ಎಂದು ನಕ್ಕರು.

"ನಂಗೆ ಮಗು ಬೇಡ ಅನ್ಸಿದ್ರೆ?"

"ಆಗ್ಲೂ ತುಂಬು," ಎಂದು ಫಿದೆಲಿನಾ ಕೂಗಿದಳು.

ಕಲ್ಲಿಗೆ ಮೊದಲು ನೆನಪಾದದ್ದು ಅಪ್ಪ ಹೆಚ್ಚಾಗಿ ಹಾಕಿದ್ದ ಅರ್ಧ ಚಾಪೆ. ಅದು ನನ್ನದೇ, ಈ ತೂತಿನದೇ ಕಲ್ಲು, ಕಿತ್ತರೆ ಯಾರೂ ಕೇಳುವಂತಿಲ್ಲ. ತೊಡಕೆಂದರೆ ಅದರ ಮೇಲೇ ಡೊಮಿನೊ ಮೇಜು ಇತ್ತು.

"ತಾತ, ಸ್ವಲ್ಪ ಏಳ್ತೀರಾ?"

"ಆಟ ಮುಗೀಲಿ."

ಆಟ ಇಪ್ಪತ್ತು ವರ್ಷದಿಂದ ಮುಗಿದಿರಲಿಲ್ಲ. ನಾನು ಹಾರೆ ಹಾಕಿಯೇ ಬಿಟ್ಟೆ. ಒಂದು ಬುಟ್ಟಿ ಕಲ್ಲು ತೆಗೆದರೆ ಮೇಜು ಒಂದು ಕಡೆ ವಾಲುತ್ತಿತ್ತು, ನಾಲ್ವರೂ ಆ ಕಡೆಗೇ ವಾಲಿ ಆಡುತ್ತಿದ್ದರು. ಮೂರನೆಯ ದಿನ ಅವರ ಕಾಲು ಮೀನಖಂಡದವರೆಗೆ ನೀರಿನಲ್ಲಿತ್ತು. ಬೆರಳ ಸಂದಿಯಲ್ಲಿ ಮರಿಮೀನು ಓಡಾಡಿದಾಗ ಒಬ್ಬ ತಾತ ಕಿಲಕಿಲನೆ ನಕ್ಕು ಬಿಲ್ಲೆ ತೋರಿಸಿಬಿಟ್ಟರು, ಜಗಳವಾಯಿತು, ಆಟ ಮಾತ್ರ ನಿಲ್ಲಲಿಲ್ಲ.

ಇನ್ನರ್ಧ ಚಾಪೆಗೆ ಎದುರಿನ ದ್ವೀಪಕ್ಕೆ ಹುಟ್ಟು ಹಾಕಿದೆ. ಅದು ನಮ್ಮದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಒಂದೇ ಮನೆ, ಎರಡು ನಾಯಿ, ಕಾವಲಿಗೆ ಅರ್ಹೇಲಿಯೊ ಎಂಬುವನು. ನಾಯಿಗಳಿಗೆ ಒಂದೊಂದು ಕೋಣೆ. ಅರ್ಹೇಲಿಯೊ ಎರಡೂ ಕೋಣೆಯ ನಡುವಿನ ಪಡಸಾಲೆಯಲ್ಲಿ ಮಲಗುತ್ತಾನೆ.

"ಧಣಿ ಎಲ್ಲಿ?" ಎಂದೆ.

"ಕ್ರಿಸ್‌ಮಸ್‌ಗೆ ಬರ್ತಾರಕ್ಕ. ಐದು ದಿನ ಇರ್ತಾರೆ. ಈಜುಕೊಳ ಸಾಲದು ಅಂತ ಒಡೆಸಿ ದೊಡ್ಡದು ಕಟ್ಟಿಸ್ತಿದಾರೆ."

"ಸುತ್ತ ಸಮುದ್ರ ಇದ್ಯಲ್ಲ!"

"ಅದು ಉಪ್ಪಂತೆ." ಅವನು ತಲೆ ಕೆರೆದುಕೊಂಡ. "ಈ ಜಾಗ ಸ್ವರ್ಗ ಅಂತಾರೆ ಧಣಿ. ಎದುರಿಗಿರೋ ನಿಮ್ಮ ದ್ವೀಪ ಒಂದೇ ಕಣ್ಣಿಗೆ ಚುಚ್ಚತ್ತಂತೆ. ಜನ ಜಾಸ್ತಿ ಆದ್ರೆ ಭೂಮಿ ತಾಳಲ್ಲ ಅಂತ ತುಂಬಾ ನೊಂದ್ಕೋತಾರೆ, ಪಾಪ."

ಅವನಿಗೂ ನನಗೂ ಒಟ್ಟಿಗೇ ನಗು ಬಂತು. ನಾಯಿಗಳು ಬೊಗಳಿದವು. ಒಡೆದ ಕೊಳದ ಕಾಂಕ್ರೀಟು ರಾಶಿ ಬಿದ್ದಿತ್ತು. "ತಗೊಂಡು ಹೋಗಕ್ಕ," ಎಂದ, "ಎಲ್ಲಾದ್ರೂ ಎಸಿ ಅಂತಾನೇ ಹೇಳಿದಾರೆ." ಹನ್ನೊಂದು ದೋಣಿ ತಂದೆ. ಅತ್ತಿಗೆ ದಿನವೂ ಮಗುವನ್ನೆತ್ತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಪೆಟ್ಟಿಗೆ ಬೀಗ ಹಾಕಿ ತಯಾರಿತ್ತು.

ಹಬ್ಬದ ಬೆಳಿಗ್ಗೆ ಇಳಿತದ ಹೊತ್ತಿಗೆ ಕಲ್ಲುಗಳ ನೆತ್ತಿ ನೀರಿನಿಂದ ಮೇಲೆ ಕಂಡಿತು. ಲಿಬಾರ್ದೊ ಮಾವ ಚಾಪೆ ಹೊತ್ತು ಬಂದರು. ಹಾಸಿದರು. ಕಾಲ ಕಡೆಯಲ್ಲಿ ಒಂದು ಗೇಣು ಚಾಪೆ ನೀರಿಗೆ ಜೋತುಬಿತ್ತು. ಇಪ್ಪತ್ತೆರಡು ವರ್ಷ ಅಲೆ ನುಗ್ಗಿ ನುಗ್ಗಿ ನನ್ನ ತೂತು ಅಪ್ಪ ಕಿತ್ತದ್ದಕ್ಕಿಂತ ಆಳವಾಗಿತ್ತು, ಅಷ್ಟು ಕಲ್ಲು ತಳಕ್ಕೇ ಹೋಗಿತ್ತು. ಅದನ್ನು ನಾನು ಲೆಕ್ಕಕ್ಕೇ ತಂದುಕೊಂಡಿರಲಿಲ್ಲ.

"ಮಾವ, ಒಂದು ಗೇಣು ತಾನೇ..."

"ಮಾತು ಮಾತೇ ಕಣಮ್ಮ." ಅವರ ಮುಖವೂ ಸಣ್ಣದಾಗಿತ್ತು. ದೂರದಲ್ಲಿ ಪಾದ್ರಿಯ ದೋಣಿ ಕಾಣುತ್ತಿತ್ತು. ಅದೇ ದೋಣಿ ಸಂಜೆಗೆ ತೊಲುವಿಗೆ ಮರಳುತ್ತದೆ. ಅತ್ತಿಗೆ ದಡದಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದಳು.

ಒಂದು ಗೇಣು ಸಾಲದೆಂಬ ಮಾತು ದಡ ಮುಟ್ಟಿದ್ದೇ, ಓಣಿಯೊಳಗಿಂದ ಹಾರೆಯ ಸದ್ದು ಕೇಳಿಸಿತು. ಉಬಾದೆಲ್ ತಾತನ ಮನೆಯ ಹಿಂಬದಿ ನೀರಿಗೇ ತಾಗಿಕೊಂಡಿದೆ. ಮಾವನೂ ನಾನೂ ದೋಣಿಯಲ್ಲಿ ಅಲ್ಲಿಗೆ ಹೋದರೆ, ತಾತ ಕುಕ್ಕರಗಾಲಲ್ಲಿ ಕೂತು ತಮ್ಮ ಚಾಪೆ ನೆಲದ ಅಂಚು ಕೀಳುತ್ತಿದ್ದರು.

"ತಾತ, ಏನ್ ಮಾಡ್ತಿದೀರ!"

"ಕಾಣ್ಸಲ್ವಾ? ನಲವತ್ತು ವರ್ಷದ ಹಿಂದೆ ಕಾಲು ಚಾಚಿದ್ರೆ ಅಂಚಿಗೆ ಮುಟ್ತಿತ್ತು. ಈಗ ಮುದುರಿ ಮಲಗ್ತೀನಿ, ಒಂದು ಗೇಣು ಸುಮ್ನೆ ಬಿದ್ದಿದೆ." ಬುಟ್ಟಿಯನ್ನು ನನ್ನ ಕಡೆ ತಳ್ಳಿದರು. "ಒಂದೇ ಗೇಣು. ಮಿಕ್ಕಿದ್ದಕ್ಕೆ ಕಣ್ಣು ಹಾಕ್ಬೇಡಿ. ನಾನೆಲ್ಲೂ ಹೋಗಲ್ಲ."

ಹಳೆಯ ಕಲ್ಲು; ಅವರ ಅಪ್ಪ ಕಟ್ಟೆಯ ಇನ್ನೊಂದು ಕಡೆಯಿಂದ ಕಿತ್ತು ತಂದದ್ದು. ಲಿಬಾರ್ದೊ ಮಾವ ಒಂದು ಕಲ್ಲು ತಿರುಗಿಸಿ ನೋಡಿ, ಕಿತ್ತ ಕಲ್ಲು ವಾಪಸು ಹೋದರೆ ಅದು ಕಟ್ಟೆಯ ಕಲ್ಲಲ್ಲ, ಮನೆಗೆ ಬಂದ ಮಗಳು ಎಂದು ತಾವೇ ಬುಟ್ಟಿಗೆ ಕೈ ಹಾಕಿದರು. ಕಟ್ಟೆಗೆ ಮರಳಿ ನಾನು ಸೊಂಟದವರೆಗೆ ನೀರಿನಲ್ಲಿ ನಿಂತು ಒಂದೊಂದನ್ನೇ ಕೂರಿಸಿದೆ. ಕೊನೆಯದು ಅಲುಗಾಡಿತು, ತಿರುಗಿಸಿ ಇಟ್ಟೆ, ಕೂತಿತು.

ಮಾವ ಚಾಪೆಯನ್ನು ಮತ್ತೊಮ್ಮೆ ಹಾಸಿ, ನಾಲ್ಕೂ ಮೂಲೆ ತುಳಿದು ನೋಡಿದರು. ಯಾವ ಮೂಲೆಯೂ ಕುಸಿಯಲಿಲ್ಲ.

"ಚಾಪೆ ತುಂಬಿದೆ," ಎಂದು ದಡದ ಕಡೆ ತಿರುಗಿ ಕೂಗಿದರು. "ಹೆಸರು ಕರೀರಿ!"