ತಲೆಯೊಳಗಿನ ತ್ರಾಸು

ದಾದಾಪೀರ ಹದಿನೆಂಟು ದಿನಗಳಿಂದ ನಿದ್ದೆ ಮಾಡಿರಲಿಲ್ಲ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ಜಗಳದಲ್ಲಿ ಒಬ್ಬನ ಕೈ ಮುರಿದು ಒಳಗೆ ಬಂದಿದ್ದ. ನಾನು ಗುತ್ತಲದಲ್ಲಿ ನಿಲ್ಲದೆ ಹೋದ ಬಸ್ಸಿಗೆ ಕಲ್ಲೆಸೆದು ಬಂದವನು. ಸಬ್‌ಜೈಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ. ಅವನು ಊಟ ಬಿಟ್ಟು, ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದ.

ಡಾಕ್ಟರಿಗೆ ತೋರಿಸಿ ಎಂದು ನಾನು ದಿನವೂ ಒದರುತ್ತಿದ್ದೆ. ಜೈಲರ್ ತಿರಕಪ್ಪನದು ಒಂದೇ ಮಾತು: "ನಾಟಕ ಮಾಡಾಕತ್ಯಾನ. ಹುಚ್ಚ ಅಂದ್ರ ಅರಿವಿ ಹರಕೋಬೇಕು. ಇವನ ಅಂಗಿ ಗುಂಡಿ ಸುದ್ದಾ ಹರದಿಲ್ಲ."

"ಹರಕೊಂಡ್ರ ಹೊಸ ಅಂಗಿ ನೀವು ಕೊಡ್ತೀರೇನ್ರಿ?" ಎಂದೆ. ಅವತ್ತು ನನ್ನ ತಟ್ಟೆಗೆ ಸಾರು ಬೀಳಲಿಲ್ಲ.

ಕೊನೆಗೊಮ್ಮೆ ಡಾಕ್ಟರು ಬಂದರು. ಮೈಸೂರಿನವರು, ಈ ಕಡೆ ಬಂದು ಎಂಟು ದಿನ. ಗಡಿಯಾರ ನೋಡುತ್ತಲೇ ಕೇಳಿದರು, "ಏನಪ್ಪಾ, ಏನಾಗಿದೆ?"

"ತಲಿಯೊಳಗ ತ್ರಾಸ್ ಐತ್ರೀ ಸಾಹೇಬ್ರ," ಎಂದ ದಾದಾಪೀರ.

"ತ್ರಾಸು? ತಲೆಯಲ್ಲಿ? ಎಷ್ಟು ದೊಡ್ಡದು?"

"ಹೊರಾಕ ಆಗವಲ್ದುರಿ."

ಡಾಕ್ಟರು ಕುರ್ಚಿ ಮುಂದೆಳೆದುಕೊಂಡು, ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಬರೆದರು: "ತಲೆಯೊಳಗೆ ತಕ್ಕಡಿ ಇದೆಯೆಂದು ನಂಬಿದ್ದಾನೆ."

ನನ್ನ ಮೈ ಉರಿಯಿತು. "ತಕ್ಕಡಿ ಅಲ್ರೀ! ತ್ರಾಸ್ ಅಂದ್ರ ನಮ್ಮ ಕಡೆ ತೊಂದ್ರಿ, ಸಂಕಟ!"

"ಓ, ಬರೀ ತೊಂದರೆಯೇ?" ಬರೆದದ್ದನ್ನು ಹೊಡೆದುಹಾಕಿದರು. "ಜೈಲಲ್ಲಿ ಯಾರಿಗಿಲ್ಲ ತೊಂದರೆ?" ಪೆನ್ನು ಜೇಬು ಸೇರಿತು.

"ನಾ ಹೇಳಿದ್ನಲ್ರಿ, ನಾಟಕ," ಎಂದು ತಿರಕಪ್ಪ ಹಲ್ಲು ಕಿರಿದ.

ಸಂಕಟಕ್ಕೆ ಔಷಧವಿಲ್ಲವಂತೆ, ತಕ್ಕಡಿಗೆ ಇದೆಯಂತೆ! ದಾದಾಪೀರ ಮತ್ತೆ ಗೋಡೆಯತ್ತ ತಿರುಗಿದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಸಾಹೇಬ್ರ, ನಂದು ತಪ್ಪಾತು. ತಕ್ಕಡೀನ ಐತಿ. ದಿನಾ ತೂಗತಾನ. ನಿನ್ನೆ ಜೈಲರ್ ಸಾಹೇಬ್ರನ್ನೂ ಹಾಕಿ ತೂಗಿದ."

ದಾದಾಪೀರ ಗಾಬರಿಯಾದ. "ಏ, ಏನ್ ಹೇಳಾಕತ್ತೀಲೇ?"

"ಬಾಯಿ ಮುಚ್ಚಲೇ, ತೂಕ ತಪ್ಪತೈತಿ!"

ಪೆನ್ನು ಹೊರಬಂತು. "ಜೈಲರ್ ಎಷ್ಟು ತೂಗಿದರು?"

"ಬರೇ ಜೊಳ್ಳು ಅಂತ ವಾಪಸ್ ಹಾಕ್ಯಾನ್ರಿ."

ತಿರಕಪ್ಪ ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಗುಳಿಗೆ ಕೊಟ್ಟು, ಧಾರವಾಡದ ಆಸ್ಪತ್ರೆಗೆ ಚೀಟಿ ಬರೆದಾಗಿತ್ತು.

ಮರುದಿನ ವ್ಯಾನು ಬಂತು. ಹಾವೇರಿ ದಾಟುವಷ್ಟರಲ್ಲಿ ದಾದಾಪೀರ ನನ್ನ ಹೆಗಲ ಮೇಲೆ ಗೊರಕೆ ಹೊಡೆಯುತ್ತಿದ್ದ. ನನ್ನ ಹೆಗಲು ಅಲ್ಲೇಕಿತ್ತು ಅಂದರೆ, ಡಾಕ್ಟರು ಹೋಗುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದರು:

"ಆ ತಕ್ಕಡಿ ನಿನಗೂ ಕಾಣಿಸುತ್ತಾ?"