ಸವಾರನ ಜವಾಬು

ಮೌಲಾಲಿಗೆ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಅವನು ಸತ್ತ ದಿನ ಅವನ ಹಾಡುಗಳಿಗಾಗಿ ಮನೆಯಲ್ಲಿ ಹುಡುಕಲು ಒಂದು ಹಾಳೆಯೂ ಇರಲಿಲ್ಲ.

ಸವಾಲು-ಜವಾಬಿನ ಹಾಡಿನಲ್ಲಿ ಅವನ ಸವಾರನಿಗೆ ಎದುರು ರಾಣಿಯಾಗಿ ಹಾಡುತ್ತಿದ್ದ ರತ್ನವ್ವ, ಮಾಳಮಡ್ಡಿಯಿಂದ ಉಪ್ಪಿನಬೆಟಗೇರಿಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅಂಗಳದಲ್ಲಿ ಗಂಡಸರು ಶವ ಹೊರುವ ಜನಾಜಾದ ಮಂಚ ತೊಳೆಯುತ್ತಿದ್ದರು. ಪಡಸಾಲೆಯ ಮೂಲೆಯಲ್ಲಿ ಅರ್ಧ ಹೊಲಿದ ಗಾದಿ ಬಿದ್ದಿತ್ತು. ಅರಳೆ ಹಿಂಜಿ ಗಾದಿ ಹೊಲಿಯುವುದು ಮೌಲಾಲಿಯ ಕಸುಬು. ಸೂಜಿ ಅದರಲ್ಲೇ ಚುಚ್ಚಿಕೊಂಡಿತ್ತು.

"ಬರ್ರಿ ಅಕ್ಕಾರ," ಎಂದಳು ಅವನ ಹೆಂಡತಿ ರಾಜಬಿ. "ರಾಣಿ ಬಂದ್ಳು ಅಂತ ಹೊರಗ ಯಾರೋ ಅಂದ್ರು. ಇವತ್ತರ ಮಂದಿ ಬಾಯಿ ಸುಮ್ಮನಿದ್ದೀತು ಅಂದ್ಕೊಂಡಿದ್ದೆ."

ರತ್ನವ್ವ ಹೆಂಗಸರ ನಡುವೆ ಕೂತಳು. ಗ್ಯಾರೇಜಿನ ಮಸಿ ಹತ್ತಿದ ಕೈಯಲ್ಲಿ ಮೊಬೈಲು ಹಿಡಿದು ಮಗ ಬಿಲಾಲ ಎದುರಿಗೆ ಬಂದ.

"ಕಾಕು, ಸವಾರನ ನುಡಿ ಇನ್ನ ನಿಮ್ಮ ನೆನಪಿನ್ಯಾಗಷ್ಟ ಅದಾವು. ಹಾಡಬ್ಯಾಡ್ರಿ, ಸುಮ್ಮನ ಬಾಯಿಲೆ ಹೇಳ್ರಿ. ಇದರಾಗ ಇರ್ಲಿ."

"ನಿಮ್ಮಪ್ಪನ ಕಡಿಂದನ ಹೇಳಿಸಬೇಕಿತ್ತಲ್ಲೋ."

"ಹೋದ ವರ್ಷ ಕೇಳಿದ್ನಿರಿ. ಮೊಬೈಲ್ ಮುಂದ ಹಾಡಂಗಿಲ್ಲ, ಎದುರಿಗೆ ರಾಣಿ ಬೇಕು ಅಂದ."

\*

ಮೂವತ್ತೊಂದು ವರ್ಷ ಅವರಿಬ್ಬರು ಎದುರುಬದುರು ಕೂತು ಹಾಡಿದ್ದರು. ಹಾಡಿನಲ್ಲಿ ಕೋಟೆಯ ರಾಣಿ ತನ್ನ ಸೆರಗಿನ ಚೂರು ಹರಿದು ಕೊಡುತ್ತಾಳೆ. ಸವಾರ ಅದನ್ನು ಭರ್ಜಿಗೆ ಕಟ್ಟಿಕೊಂಡು ಯುದ್ಧಕ್ಕೆ ಹೊರಡುತ್ತಾನೆ. ರಾಣಿಯ ಸವಾಲು ರತ್ನವ್ವನದು, ಸವಾರನ ಜವಾಬು ಮೌಲಾಲಿಯದು. ಅವಳದು ಐವತ್ತೆರಡು ನುಡಿ, ಅವನದೂ ಐವತ್ತೆರಡು.

ಅವನು ಹಾಡುವಾಗ ರತ್ನವ್ವ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ನೋಡಿದವರು ಅದನ್ನು ಪ್ರೀತಿ ಅಂದುಕೊಂಡರು. ತಡವರಿಸಿ ಸೋಲಬಾರದೆಂದು ಅವಳು ತನ್ನ ಮುಂದಿನ ನುಡಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಅವನ ದನಿ ನಿಂತದ್ದು ಗೊತ್ತಾದರೆ ಅವಳಿಗೆ ಸಾಕಿತ್ತು.

\*

ರತ್ನವ್ವ ಬಾಯಿ ತೆರೆದಳು. ರಾಣಿಯ ನುಡಿ ಬಂತು. ಮತ್ತೆ ತೆರೆದಳು. ಮತ್ತೆ ರಾಣಿಯದೇ.

"ನನಗ ಬರಂಗಿಲ್ಲಪಾ," ಎಂದಳು. "ನಾ ಕೇಳೇ ಇಲ್ಲ."

ರಾಜಬಿ ಅವಳನ್ನೇ ನೋಡಿದಳು. "ಊರೆಲ್ಲಾ ನಿಮ್ಮಿಬ್ಬರನ್ನ ಆಡಿಕೊಂತು. ನಾ ಸೂಜಿ ಹಿಡಕೊಂಡು ಸುಮ್ಮನ ಕುಂತೆ. ನೀವಾದ್ರೂ ಕೇಳಾಕತ್ತೀರಲ್ಲ ಅಂತ ತಿಳಕೊಂಡಿದ್ದೆ."

ಆಮೇಲೆ, ಯಾರೂ ಕೇಳದೆಯೇ, ಗೋಡೆ ನೋಡುತ್ತ ಹೇಳಿದಳು:

"ಕುದುರಿ ಬಿದ್ದರ ಬೀಳಲಿ, ನನ್ನ ತಲಿ ಉರುಳಲಿ,
ನಿನ್ನ ಸೆರಗಿನ ಚೂರು ಮಣ್ಣ ಮುಟ್ಟೂದಿಲ್ಲ ರಾಣಿ."

ಅರಳೆ ಹಿಂಜುವಾಗ ಅವನು ಗುನುಗುತ್ತಿದ್ದದ್ದು. ಹೀಗೆ ಮೂರು ನುಡಿ ಹೇಳಿ ನಿಲ್ಲಿಸಿದಳು.

"ಮುಂದವ್ವಾ?" ಎಂದ ಬಿಲಾಲ.

"ಅಷ್ಟೊತ್ತಿಗೆ ಚಾ ಕೇಳ್ತಿದ್ರು. ನಾ ಒಳಗ ಹೋಗ್ತಿದ್ದೆ."

ಹೊರಗೆ ಜನಾಜಾ ಎತ್ತಿದರು. ಬಿಲಾಲ ಮೊಬೈಲನ್ನು ರತ್ನವ್ವನ ಕೈಗಿಟ್ಟು ಹೆಗಲು ಕೊಡಲು ಓಡಿದ. ಹೆಂಗಸರು ಹೊಸ್ತಿಲಲ್ಲೇ ಉಳಿದರು. ರಾಜಬಿ ಗಾದಿಯಲ್ಲಿದ್ದ ಸೂಜಿ ಕಿತ್ತು ತನ್ನ ಸೆರಗಿಗೆ ಚುಚ್ಚಿಕೊಂಡಳು. ರತ್ನವ್ವನ ಕೈಯಲ್ಲಿ ಮೊಬೈಲು ಇನ್ನೂ ರೆಕಾರ್ಡು ಮಾಡುತ್ತಲೇ ಇತ್ತು.

ರಾಣಿಯ ಐವತ್ತೆರಡು ನುಡಿ ಉಳಿದವು. ಸವಾರನವು ಮೂರು ಉಳಿದವು. ನಲವತ್ತೊಂಬತ್ತು ಹೋದವು.