ಗಿಣಿಗೆ ಕಲಿಸಿದ ಮಾತು

ಸೊಸೆ ಹಿತ್ತಲ ಗೋಡೆಯ ಬುಡದಲ್ಲಿ ಗುಂಡಿ ತೋಡುತ್ತಿದ್ದಳು. ಪಕ್ಕದಲ್ಲಿ ಹಳೆಯ ದಿಂಬಿನ ಚೀಲದೊಳಗೆ ಗಿಣಿ. ಬೆಳಗ್ಗೆ ನೋಡಿದರೆ ಪಂಜರದ ತಳದಲ್ಲಿ ಬಿದ್ದಿತ್ತು, ಅಷ್ಟೇ.

ಸುದ್ದಿ ಕೇಳಿ ಎದುರುಮನೆಯ ದರ್ಜಿ ಬಂದಿದ್ದ. ಮನೆಯ ಮುಂಭಾಗವೇ ಅತ್ತೆ-ಸೊಸೆಯ ಇಸ್ತ್ರಿ ಅಂಗಡಿ. ಗಿಣಿ ಅಲ್ಲಿ ಕೂತು ಬಂದ ಗಿರಾಕಿಗೆಲ್ಲ "ಆಯ್ತು, ಆಯ್ತು" ಅನ್ನುತ್ತಿತ್ತು, ಬಟ್ಟೆಯ ಗಂಟನ್ನೇ ಬಿಚ್ಚಿರದಿದ್ದರೂ. ಸುಳ್ಳು ಹೇಳುವುದರಲ್ಲಿ ಇಸ್ತ್ರಿ ಮಾಡುವ ಸೊಸೆಯನ್ನೂ ಮೀರಿಸಿತ್ತು ಎಂದು ದರ್ಜಿ ರೇಗಿಸಿದ. ಬಾಗಿಲಲ್ಲಿ ಕೂತಿದ್ದ ಅತ್ತೆ ನಕ್ಕಳು. ಸೊಸೆಯೂ ನಕ್ಕಳು, ಆದರೆ ಗುಂಡಿಯಿಂದ ಕಣ್ಣೆತ್ತಲಿಲ್ಲ. ಆ ಇನ್ನೊಂದು ಮಾತು ಮಾತ್ರ ಅತ್ತೆಯ ಮುಂದೆ ಯಾರ ನೆನಪಿಗೂ ಬಾರದಿರಲಿ.

*

ಅತ್ತೆಗೆ ಮೊಣಕಾಲು ಹಿಡಿದುಕೊಂಡ ಮೇಲೆ ಒಳಗಿನಿಂದ ಕೂಗುವುದು ಹೆಚ್ಚಾಗಿತ್ತು. ನೀರು, ಮಾತ್ರೆ, ಕನ್ನಡಕ. ಸೊಸೆ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಓಡಬೇಕು. ವಾಪಸು ಬಂದು, ಅಂಗಿಯ ತೋಳನ್ನು ಒತ್ತುತ್ತಾ ಹಲ್ಲು ಕಚ್ಚಿ ಗೊಣಗುತ್ತಿದ್ದಳು.

ಒಂದು ಮಧ್ಯಾಹ್ನ ಅಂಗಡಿಯ ತುಂಬ ಜನ. ಅತ್ತೆ ಕೂಗಿದ್ದೇ ತಡ, ಗಿಣಿ ಸೊಸೆಯದೇ ದನಿಯಲ್ಲಿ ಹೇಳಿತು: "ಈ ಮುದುಕಿ ಯಾವಾಗ ಹೋಗ್ತಾಳೋ."

ಗಿರಾಕಿಗಳು ನೆಲ ನೋಡಿದರು. ಬಾಯಿತಪ್ಪಿ ಒಂದು ಸಲ ಅಂದಿದ್ದನ್ನು ಗಿಣಿ ಕಲಿಯುವುದಿಲ್ಲ, ಅದು ಯಾರಿಗೆ ಗೊತ್ತಿಲ್ಲ? ಅಂದೇ ಪಂಜರ ಹಿಂದಿನ ಕತ್ತಲೆ ಕೋಣೆಗೆ ಹೋಯಿತು, ಮೇಲೊಂದು ದಪ್ಪ ಬಟ್ಟೆ. ಅಲ್ಲಿ ಗಿಣಿ ಒಂದೊಂದೇ ಮಾತು ಮರೆಯುತ್ತ ಮೂಕವಾಯಿತು. ಅತ್ತೆಗೆ ಕೇಳಿಸಿರಲಿಕ್ಕಿಲ್ಲ ಎಂದೇ ಸೊಸೆ ನಂಬಿಕೊಂಡು ಬಂದಿದ್ದಳು.

*

"ಏನೇ ಆಗ್ಲಿ ಅಜ್ಜಿ, ಆ ಮಾತೊಂದು ನೀವು ಅದಕ್ಕೆ ಕಲಿಸಬಾರ್ದಿತ್ತು," ಎಂದ ದರ್ಜಿ, ಅತ್ತೆಯ ಕಡೆ ತಿರುಗಿ.

ಸೊಸೆಯ ಕೈ ನಿಂತಿತು. "ಯಾವ ಮಾತು?"

"ಅದೇ, ಮುದುಕಿ ಯಾವಾಗ ಹೋಗ್ತಾಳೋ ಅನ್ನೋದು. 'ತಮಾಷೆಗೆ ನಾನೇ ಕಲಿಸಿದ್ದು, ನನ್ನ ಸೊಸೆ ಬಾಯಲ್ಲಿ ಅಂಥದ್ದು ಬರಲ್ಲ' ಅಂತ ಅಜ್ಜಿ ಬಂದೋರಿಗೆಲ್ಲ ಹೇಳಿದ್ರಲ್ಲ. ನಿಮಗೆ ಗೊತ್ತಿಲ್ವಾ?"

ಅಂದರೆ ಅತ್ತೆಗೆ ಅಂದೇ ಕೇಳಿಸಿತ್ತು. ಪಂಜರದ ಮೇಲೆ ಆ ಬಟ್ಟೆ ಹೊದಿಸಿ ತಾನು ಯಾರಿಂದ ಏನನ್ನು ಮುಚ್ಚಿಟ್ಟಂತಾಯಿತು? ಚೀಲವನ್ನು ಗುಂಡಿಯಲ್ಲಿಟ್ಟು ಬರಿಗೈಯಿಂದಲೇ ಮಣ್ಣೆಳೆದಳು. ದರ್ಜಿ ಹೊರಟುಹೋದ.

ಅತ್ತೆ ಗೋಡೆ ಹಿಡಿದುಕೊಂಡು, ಕುಂಟುತ್ತ, ತಂಬಿಗೆಯಲ್ಲಿ ನೀರು ತಂದಳು.

"ಅತ್ತೆ, ನಾನು..."

"ಕೈ ಒಡ್ಡಮ್ಮ. ಮಣ್ಣಾಗಿದೆ."

ನೀರು ಸಣ್ಣಗೆ ಬಿತ್ತು. ಮಣ್ಣು ಹೋಯಿತು, ತಂಬಿಗೆ ಬರಿದಾಯಿತು. ಸೊಸೆ ತಲೆ ತಗ್ಗಿಸಿ, ಒಡ್ಡಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.